ಮಾರುವವನ ಮೌನ

ಸಂಕ್ರಾಂತಿಯ ಆಸುಪಾಸಿನಲ್ಲಿ ಚುಂಚನಕಟ್ಟೆಯ ಬಯಲು ದನಗಳ ಜಾತ್ರೆಯಿಂದ ತುಂಬುತ್ತದೆ. ಕಾವೇರಿಯು ಬಂಡೆಗಳ ನಡುವೆ ಸೀಳಿ ಧುಮುಕುವ ಸದ್ದು ಊರಿಗೆಲ್ಲ ಕೇಳಿಸಿದರೂ ಕೋದಂಡರಾಮನ ಗರ್ಭಗುಡಿಯೊಳಗೆ ಕೇಳಿಸದು ಎಂಬುದು ಅಲ್ಲಿಯ ಜನರ ನಂಬಿಕೆ. ಹಳ್ಳಿಕಾರ್ ಎತ್ತುಗಳ ಜೋಡಿಗಳು ಸಾಲಾಗಿ ನಿಂತಿರುತ್ತವೆ. ಕೊಳ್ಳುವವನು ಮೊದಲು ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ; ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ವಯಸ್ಸನ್ನು ತಿಳಿಯುತ್ತಾನೆ. ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಆಮೇಲೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು ನಡೆಯುತ್ತದೆ. ಹಲ್ಲು ಕಣ್ಣಿಗೆ ಕಾಣುತ್ತದೆ, ಗುಣ ಕಾಣುವುದಿಲ್ಲ. ಆ ಗುಣವನ್ನು ಬಲ್ಲವನು ಮಾರುವವನೊಬ್ಬನೇ.

ಈ ಸೀಮೆಯಲ್ಲಿ ಶ್ರಾವಕಧರ್ಮದ ಬೇರು ಆಳವಾದುದು. ಕಾವೇರಿಯ ದಡದ ಚಿಕ್ಕಹನಸೋಗೆಯಲ್ಲಿ ಚಂಗಾಳ್ವರ ಕಾಲದ ತ್ರಿಕೂಟ ಬಸದಿ ಇಂದಿಗೂ ನಿಂತಿದೆ. ಕಾರ್ಕಳದಲ್ಲಿ 1432ರಲ್ಲಿ ಬಾಹುಬಲಿ ಮೂರ್ತಿಯ ಪ್ರತಿಷ್ಠೆಗೆ ಪ್ರೇರಣೆಯಿತ್ತ ಲಲಿತಕೀರ್ತಿ ಮುನಿಗಳು ಈ ಹನಸೋಗೆಯ ಆಚಾರ್ಯ ಪರಂಪರೆಗೆ ಸೇರಿದವರು. ಸಮೀಪದ ಸಾಲಿಗ್ರಾಮದಲ್ಲಿ ಜೈನ ಮನೆತನಗಳು ತಲೆಮಾರುಗಳಿಂದ ನೆಲೆಸಿವೆ. ಅಂಥ ಒಂದು ಮನೆಯ ಹಿರಿಯರು 1970ರ ದಶಕದಲ್ಲಿ ಒಂದು ಜೋಡಿ ಎತ್ತನ್ನು ಚುಂಚನಕಟ್ಟೆಯ ಜಾತ್ರೆಗೆ ಹೊಡೆದುಕೊಂಡು ಹೋಗಿದ್ದರು. ನೋಡಲು ಲಕ್ಷಣವಾದ ಎತ್ತುಗಳು. ಬೆರಳ ಮಾತು ಮುಗಿದು ಬೆಲೆ ಕುದುರಿತು. ಹಗ್ಗ ಕೈ ಬದಲಾಗುವ ಮುಂಚೆ ಹಿರಿಯರು ಕೊಳ್ಳುವವನನ್ನು ಪಕ್ಕಕ್ಕೆ ಕರೆದು, “ಎಡಗಡೆಯ ಎತ್ತು ಬಿಸಿಲೇರಿದರೆ ನೊಗದಲ್ಲೇ ಮಲಗಿಬಿಡುತ್ತದೆ. ಬೆಳಗಿನ ಹೊತ್ತು ಮಾತ್ರ ಉಳುವುದಾದರೆ ಕೊಂಡುಕೊಳ್ಳಿ” ಎಂದರು. ಆತ ಬೆಲೆ ಇಳಿಸಿದ. ಹಿರಿಯರು ಒಪ್ಪಿಕೊಟ್ಟು ಮನೆಗೆ ಬಂದರು. ಆ ಸಂಜೆ ಮನೆಯಲ್ಲಿ ಅವರಿಗೆ ಸಿಕ್ಕಿದ್ದು ಮೆಚ್ಚುಗೆಯಲ್ಲ, ಬೈಗುಳ. ಇದು ಆ ಮನೆಯ ಮಕ್ಕಳೆಲ್ಲ ನಗುತ್ತ ಹೇಳಿಕೊಳ್ಳುವ ಕಥೆಯಾಗಿ ಉಳಿಯಿತು.

ಐವತ್ತು ವರ್ಷಗಳ ಬಳಿಕ ಅದೇ ಮನೆಯ ಮೊಮ್ಮಗನು ಮಾರಬೇಕಾಗಿ ಬಂದದ್ದು ಎತ್ತನ್ನಲ್ಲ, ಕಾರನ್ನು.

ಆತ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ. ಬಾಲ್ಯದಿಂದಲೂ ಕಾರುಗಳ ಮೇಲೆ ಮೋಹ. ಕೂಡಿಟ್ಟ ಹಣದಲ್ಲಿ ನಿಸ್ಸಾನ್ ಕಂಪನಿಯ 370 ಝಡ್ ಎಂಬ ಕಾರನ್ನು ಎರಡನೆಯ ಒಡೆಯನಾಗಿ ಕೊಂಡಿದ್ದ. ಜಪಾನಿನಲ್ಲಿ ತಯಾರಾಗಿ, ಪೂರ್ಣ ರೂಪದಲ್ಲೇ ಆಮದಾಗಿ, ಭಾರತದಲ್ಲಿ ಕೆಲವೇ ಸಂಖ್ಯೆಯಲ್ಲಿ ಮಾರಾಟವಾದ ವಾಹನವದು. ಆರು ಸಿಲಿಂಡರಿನ, 3.7 ಲೀಟರಿನ ಎಂಜಿನ್ನು. ಆಸನಗಳು ಎರಡೇ. ಸುಂಕದ ಕಾಗದಪತ್ರಗಳೆಲ್ಲ ಸರಿಯಾಗಿವೆಯೆಂದು ನೋಡಿಯೇ ಕೊಂಡಿದ್ದ. ಈ ಎಚ್ಚರಿಕೆ ಸಣ್ಣದಲ್ಲ. 2025ರ ಸೆಪ್ಟೆಂಬರಿನಲ್ಲಿ ಕೊಚ್ಚಿಯ ಸುಂಕ ಅಧಿಕಾರಿಗಳು ‘ನುಂಖೋರ್’ ಎಂಬ ಕಾರ್ಯಾಚರಣೆ ನಡೆಸಿ, ಭೂತಾನಿನಿಂದ ಅಕ್ರಮವಾಗಿ ತಂದವೆಂಬ ಶಂಕೆಯ ಮೇಲೆ ಹಲವು ಬೆಲೆಬಾಳುವ ಕಾರುಗಳನ್ನು ವಶಪಡಿಸಿಕೊಂಡಾಗ, ಹಣ ಕೊಟ್ಟು ಕೊಂಡವರ ಬಾಗಿಲಿಗೂ ವಿಚಾರಣೆ ಬಂದಿತು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ತದಾಹೃತಾದಾನವನ್ನು, ಅಂದರೆ ಕದ್ದು ತಂದುದನ್ನು ಕೊಳ್ಳುವುದನ್ನು, ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಎಣಿಸಿರುವುದು ಇಂಥ ಪ್ರಸಂಗಗಳಿಗೂ ಅನ್ವಯಿಸುತ್ತದೆ.

ಕೊಳ್ಳುವಾಗಿನ ಪರೀಕ್ಷೆಯಲ್ಲಿ ಮೊಮ್ಮಗ ಗೆದ್ದಿದ್ದ. ಮಾರುವಾಗಿನ ಪರೀಕ್ಷೆ ಬೇರೆಯದೇ ಆಗಿತ್ತು.

ಮನೆಯಲ್ಲಿ ಮಗು ಹುಟ್ಟಿತು. ಎರಡು ಆಸನಗಳ ಕಾರಿನಲ್ಲಿ ಮೂರನೆಯವರಿಗೆ ಎಡೆಯಿರಲಿಲ್ಲ. ಕಾರನ್ನು ಮಾರುವುದೆಂದೂ, ಬಂದ ಹಣದಲ್ಲಿ ನೂರಕ್ಕೆ ಐದು ಪಾಲನ್ನು ಬಸದಿಯ ಮೇಲ್ಛಾವಣಿಯ ದುರಸ್ತಿಗೆ ಕೊಡುವುದೆಂದೂ ಆತ ಮನದಲ್ಲಿ ನಿಶ್ಚಯಿಸಿದ. ಸಂಕ್ರಾಂತಿಗೆ ಊರಿಗೆ ಬಂದವನು ಜಗುಲಿಯ ಮೇಲೆ ಕುಳಿತು ಮಾರಾಟದ ಪ್ರಕಟಣೆಯನ್ನು ಬರೆದು ತಾತನಿಗೆ ಓದಿ ಹೇಳಿದ. ಕಾರಿನ ವರ್ಷ, ಓಡಿದ ದೂರ, ಬಣ್ಣ, ವಿಮೆ ಎಲ್ಲವನ್ನೂ ಬರೆದು ಕೊನೆಯಲ್ಲಿ ‘ಅಲ್ಪ ಮಾರ್ಪಾಡು ಮಾಡಲಾಗಿದೆ’ ಎಂದು ಸೇರಿಸಿದ್ದ.

ತಾತ ಕೇಳಿದರು: “ಅಲ್ಪ ಅಂದೆಯಲ್ಲ, ಅದು ಯಾರ ಅಳತೆಯಲ್ಲಿ ಅಲ್ಪ ಮಗು? ಮಾರುವವನದೋ, ಕೊಳ್ಳುವವನದೋ?”

ಮೊಮ್ಮಗ ವಿವರಿಸಿದ. ಮೂಲ ಸೈಲೆನ್ಸರನ್ನು ತೆಗೆದು ಗುಡುಗುವಂಥದನ್ನು ಹಾಕಿಸಿದ್ದ. ಅದರೊಡನೆ, ಹೊಗೆಯ ವಿಷಾಂಶವನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಭಾಗವನ್ನೂ ತೆಗೆಸಿದ್ದ. ಸ್ಪ್ರಿಂಗುಗಳನ್ನು ಬದಲಿಸಿ ಕಾರನ್ನು ನೆಲಕ್ಕೆ ಒಂದಂಗುಲ ತಗ್ಗಿಸಿದ್ದ. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನ ಲೆಕ್ಕಾಚಾರವನ್ನು ತಿದ್ದಿಸಿ ಓಟದ ಬಲ ಹೆಚ್ಚಿಸಿದ್ದ. ಎಲ್ಲವೂ ಬೋಲ್ಟು ಬಿಚ್ಚಿ ಮೊದಲಿನಂತೆ ಮಾಡಬಹುದಾದವು. ಮೂಲ ಭಾಗಗಳು ಪೆಟ್ಟಿಗೆಯಲ್ಲಿ ಹಾಗೆಯೇ ಇದ್ದವು. ಆಮೇಲೆ ಸ್ವಲ್ಪ ತಡೆದು ಇನ್ನೊಂದು ಮಾತು ಹೇಳಿದ. ಮಳೆಗಾಲದ ಒಂದು ರಾತ್ರಿ ಬಿಳಿಕೆರೆಯಿಂದ ಕೃಷ್ಣರಾಜನಗರಕ್ಕೆ ಬರುವ ದಾರಿಯಲ್ಲಿ ಕಾರಿನ ಮುಂಭಾಗ ಮೋರಿಯ ಕಟ್ಟೆಗೆ ತಗುಲಿ, ರೇಡಿಯೇಟರನ್ನು ಹಿಡಿದಿರುವ ಚೌಕಟ್ಟು ಬಾಗಿತ್ತು. ವಿಮೆಗೆ ಹೋಗದೆ ಕೈಯಿಂದಲೇ ಖರ್ಚು ಮಾಡಿ ಸರಿಪಡಿಸಿದ್ದರಿಂದ ಎಲ್ಲಿಯೂ ದಾಖಲೆಯಿರಲಿಲ್ಲ. ಬಣ್ಣ ಹಚ್ಚಿದವನ ಕೈ ಎಷ್ಟು ನುರಿತದ್ದೆಂದರೆ ಬಲ್ಲವರೂ ಕಂಡುಹಿಡಿಯಲಾರರು.

“ಕೇಳಿದರೆ ಸುಳ್ಳು ಹೇಳುವುದಿಲ್ಲ ತಾತ. ಕೇಳದಿದ್ದರೆ ಹೇಳುವ ಅಗತ್ಯವೇನು? ಎಲ್ಲರೂ ಹೀಗೆಯೇ ಮಾರುತ್ತಾರೆ. ಕಾನೂನೂ ಅದನ್ನು ತಪ್ಪೆನ್ನುವುದಿಲ್ಲ” ಎಂದ ಮೊಮ್ಮಗ.

ಆತನ ಮಾತು ಪೂರ್ತಿ ತಪ್ಪಲ್ಲ. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮಿನಲ್ಲಿ ವಂಚನೆ ಎಂದರೇನೆಂಬುದನ್ನು ವಿವರಿಸಿದೆ. ಕರಾರಿಗೆ ಒಪ್ಪುವವನ ಮನಸ್ಸನ್ನು ಬದಲಿಸಬಹುದಾದ ಸಂಗತಿಯ ಬಗ್ಗೆ ಬರಿಯ ಮೌನ ತಾಳಿದ ಮಾತ್ರಕ್ಕೆ ಅದು ವಂಚನೆಯಾಗದು ಎಂಬುದು ಅಲ್ಲಿಯ ಸಾಮಾನ್ಯ ನಿಯಮ. ಅದನ್ನು ತಿಳಿಸಲು ಕಾಯಿದೆ ಬರೆದವರು ಒಂದು ಕುದುರೆಯ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಒಬ್ಬನು ತನ್ನ ಕುದುರೆಗೆ ದೋಷವಿದೆಯೆಂದು ತಿಳಿದೂ ಏನನ್ನೂ ಹೇಳದೆ ಹರಾಜಿನಲ್ಲಿ ಮಾರಿದರೆ ವಂಚನೆಯಲ್ಲ. ಆದರೆ ಅದೇ ಕಲಮು ಅಲ್ಲಿಗೆ ನಿಲ್ಲುವುದಿಲ್ಲ. ಕೊಳ್ಳುವವಳು ಮಾರುವವನ ಮಗಳೇ ಆಗಿದ್ದು, ಆಗತಾನೇ ಪ್ರಾಪ್ತವಯಸ್ಕಳಾಗಿದ್ದರೆ, ಆ ಸಂಬಂಧವೇ ದೋಷವನ್ನು ಹೇಳಬೇಕಾದ ಕರ್ತವ್ಯವನ್ನು ತಂದೆಯ ಮೇಲೆ ಹೊರಿಸುತ್ತದೆ. ಮತ್ತೊಂದು ದೃಷ್ಟಾಂತದಲ್ಲಿ, ನೀನು ಅಲ್ಲವೆನ್ನದಿದ್ದರೆ ಕುದುರೆ ನಿರ್ದೋಷಿಯೆಂದೇ ತಿಳಿಯುತ್ತೇನೆ ಎಂದು ಕೊಳ್ಳುವವನು ಹೇಳುತ್ತಾನೆ; ಮಾರುವವನು ಸುಮ್ಮನಿರುತ್ತಾನೆ. ಅಲ್ಲಿ ಮೌನವು ಮಾತಿಗೆ ಸಮ.

ಶ್ರಾವಕನು ಮನಸ್ಸಿಟ್ಟು ಓದಬೇಕಾದದ್ದು ಮಗಳ ದೃಷ್ಟಾಂತವನ್ನು. ಅಪರಿಚಿತನಿಗೆ ಮೌನ ಸಾಕು, ಮಗಳಿಗೆ ಸತ್ಯ ಬೇಕು ಎಂದು ಕಾನೂನು ಗೆರೆ ಎಳೆಯುತ್ತದೆ. ರಾಜ್ಯವನ್ನು ನಡೆಸುವ ಕಾನೂನಿಗೆ ಎಲ್ಲಿಯಾದರೂ ಗೆರೆ ಎಳೆಯಲೇಬೇಕು. ಧರ್ಮಕ್ಕೆ ಆ ಗೆರೆಯಿಲ್ಲ. ಸಕಲ ಜೀವಿಗಳಲ್ಲಿ ಮೈತ್ರಿಯನ್ನು ಭಾವಿಸಬೇಕೆಂದು ಪ್ರತಿದಿನ ಸಾಮಾಯಿಕದಲ್ಲಿ ನೆನೆಯುವವನು ಅಂಗಳಕ್ಕೆ ಬಂದ ಗಿರಾಕಿಯನ್ನು ಆ ಮೈತ್ರಿಯಿಂದ ಹೊರಗಿಡಲಾರನು. ಕಾನೂನು ಮಗಳಿಗೆ ಮಾತ್ರ ಕೊಟ್ಟ ಹಕ್ಕನ್ನು ಧರ್ಮವು ಹೊಸ್ತಿಲಿಗೆ ಬಂದ ಎಲ್ಲರಿಗೂ ಕೊಡುತ್ತದೆ.

ಇನ್ನು ‘ಅಲ್ಪ’ ಎಂಬ ಮಾತು. ಗೃಹಸ್ಥನು ಮಹಾವ್ರತಿಯಲ್ಲ, ಅವನ ವ್ರತಗಳ ಹೆಸರೇ ಅಣುವ್ರತ. ವ್ರತವೇ ಅಣುವಾದಾಗ ಅದಕ್ಕೆ ಬರುವ ಕುಂದು ಕೂಡ ಅಣುವಾಗಿಯೇ ಬರುತ್ತದೆ. ದರೋಡೆ ಮಾಡುವ ಶ್ರಾವಕರು ವಿರಳ. ಕೊಲೆ ಮಾಡುವವರು ಇನ್ನೂ ವಿರಳ. ಆಚಾರ್ಯರು ಪ್ರತಿಯೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಬಿಡಿಸಿ ಹೇಳಿದ್ದು, ವ್ರತದ ಅಕ್ಷರ ಉಳಿದು ಅರ್ಥ ಸೋರಿಹೋಗುವ ಎಡೆಗಳನ್ನು ತೋರಿಸಲೆಂದು. ಅಚೌರ್ಯದ ಅತಿಚಾರಗಳಲ್ಲಿ ಕೊನೆಯದು ಪ್ರತಿರೂಪಕವ್ಯವಹಾರ: ಒಂದರಂತೆ ಕಾಣುವ ಇನ್ನೊಂದನ್ನು ಕೊಟ್ಟು ವ್ಯಾಪಾರ ಮಾಡುವುದು. ತುಪ್ಪದಲ್ಲಿ ಕಲಬೆರಕೆ ಮಾಡುವವನಿಗೆ ಇದು ಅನ್ವಯಿಸುತ್ತದೆಂದು ಎಲ್ಲರೂ ಒಪ್ಪುತ್ತಾರೆ. ಒಮ್ಮೆ ಬಾಗಿ ನೇರವಾದ ಚೌಕಟ್ಟಿನ ಮೇಲೆ ಹೊಸ ಬಣ್ಣ ಹಚ್ಚಿ, ಎಂದೂ ಬಾಗದ ಚೌಕಟ್ಟಿನ ಬೆಲೆಗೆ ಮಾರುವವನಿಗೆ ಅನ್ವಯಿಸುವುದಿಲ್ಲವೆಂದು ಹೇಗೆ ಹೇಳಬಹುದು?

ವಿರುದ್ಧರಾಜ್ಯಾತಿಕ್ರಮ ಎಂಬ ಅತಿಚಾರವೂ ಇಲ್ಲಿ ಬರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕನ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ, ಅನುಮತಿಯಿಲ್ಲದೆ ಮಾಡಿದ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ ವಿಧಿಸಲು ಅವಕಾಶವಾಯಿತು. ಹೇಳದೆ ಮಾರಿದರೆ ಆ ದಂಡ ಬೀಳುವುದು ಏನೂ ಅರಿಯದ ಹೊಸ ಒಡೆಯನ ತಲೆಯ ಮೇಲೆ.

ಈ ಕಾರು ಹುಟ್ಟಿದ ನಾಡಿನಲ್ಲಿಯೇ ಎರಡು ಬಗೆಯ ಉದಾಹರಣೆಗಳಿವೆ. ಜಪಾನಿನ ಹಳೆಯ ಕಾರುಗಳ ಹರಾಜು ಕೇಂದ್ರಗಳಲ್ಲಿ ಪ್ರತಿ ಕಾರಿಗೂ ಪರೀಕ್ಷಕನು ಒಂದು ಹಾಳೆ ಬರೆಯುತ್ತಾನೆ. ಕಾರಿನ ನಕ್ಷೆಯ ಮೇಲೆ ಗೀರು ಇದ್ದಲ್ಲಿ ‘ಎ’, ತಗ್ಗು ಬಿದ್ದಲ್ಲಿ ‘ಯು’, ಭಾಗವನ್ನೇ ಬದಲಿಸಿದ್ದರೆ ‘ಎಕ್ಸ್‌ಎಕ್ಸ್’ ಎಂದು ಗುರುತು ಹಾಕುತ್ತಾನೆ. ಅಪಘಾತದಲ್ಲಿ ಚೌಕಟ್ಟಿಗೆ ಪೆಟ್ಟಾಗಿ ದುರಸ್ತಿಯಾಗಿದ್ದರೆ, ಎಷ್ಟೇ ಅಂದವಾಗಿ ಕಂಡರೂ, ‘ಆರ್’ ಎಂಬ ದರ್ಜೆ. ಕೊಳ್ಳುವವನು ಕಾರನ್ನು ಮುಟ್ಟಿ ನೋಡದೆಯೂ ಆ ಹಾಳೆಯನ್ನು ನಂಬಿ ಸಮುದ್ರದಾಚೆಯಿಂದ ಹಣ ಕಳಿಸುತ್ತಾನೆ. ಅದೇ ನಾಡಿನ ಕಾರು ತಯಾರಕರು 1989ರಿಂದ 2004ರವರೆಗೆ ಯಾವ ಕಾರಿನ ಬಲವನ್ನೂ 280 ಅಶ್ವಶಕ್ತಿಗಿಂತ ಹೆಚ್ಚೆಂದು ಪ್ರಕಟಿಸುವುದಿಲ್ಲವೆಂದು ತಮ್ಮೊಳಗೆ ಒಪ್ಪಂದ ಮಾಡಿಕೊಂಡಿದ್ದರು. ಅತಿವೇಗದ ಅಪಘಾತಗಳನ್ನು ತಡೆಯುವುದು ಉದ್ದೇಶ, ಸದುದ್ದೇಶವೇ. ಆದರೆ ಕಾಲಕ್ರಮದಲ್ಲಿ ಕೆಲವು ಕಾರುಗಳ ನಿಜವಾದ ಬಲ ಅದನ್ನು ಮೀರಿದರೂ ಕಾಗದದ ಮೇಲೆ 280 ಹಾಗೆಯೇ ನಿಂತಿತು. ಸತ್ಯಾಣುವ್ರತದ ಅತಿಚಾರಗಳಲ್ಲಿ ಬರುವ ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹ, ಕೆಡುಕನ ಕೈಯಿಂದಲೇ ಆಗಬೇಕೆಂದಿಲ್ಲ. ಸಜ್ಜನರ ಒಪ್ಪಂದದಿಂದಲೂ ಆಗಬಹುದು.

ತಾತ ಇದೊಂದನ್ನೂ ಹೇಳಲಿಲ್ಲ. ಅವರು ಹೇಳಿದ್ದು ಇಷ್ಟೇ: “ಎತ್ತಿನ ಕಥೆ ಹೇಳಿ ಎಲ್ಲರೂ ನಗುತ್ತೀರಿ. ಆವತ್ತು ಹೇಳದೆ ಬಂದಿದ್ದರೆ ಮರುವರ್ಷ ಜಾತ್ರೆಯಲ್ಲಿ ಅವನ ಮುಖ ನೋಡಿ ದಾರಿ ಬದಲಿಸಬೇಕಾಗುತ್ತಿತ್ತು. ನಿನ್ನ ಜಾತ್ರೆ ದೊಡ್ಡದು, ಅವನು ಮತ್ತೆ ಸಿಗಲಾರ. ಅದಕ್ಕೇ ನಿನಗೆ ಕಷ್ಟ ಹೆಚ್ಚು.”

ಮೊಮ್ಮಗ ಪ್ರಕಟಣೆಯನ್ನು ಹರಿದುಹಾಕಿ ಹೊಸದಾಗಿ ಬರೆದ. ಮೋರಿಯ ಪೆಟ್ಟನ್ನೂ, ದುರಸ್ತಿ ಮಾಡಿದ ಭಾಗದ ಹೆಸರನ್ನೂ, ಪ್ರತಿಯೊಂದು ಮಾರ್ಪಾಡನ್ನೂ ಬರೆದ. ನಿರೀಕ್ಷಿಸಿದ್ದಂತೆ ವಿಚಾರಿಸುವವರು ಕಡಿಮೆಯಾದರು. ಕೆಲವರು ಪೆಟ್ಟಿನ ಸಾಲನ್ನು ಓದಿ ಅರ್ಧ ಬೆಲೆಗೆ ಕೇಳಿದರು. ಒಬ್ಬ ದಲ್ಲಾಳಿಯಂತೂ, ಆ ಒಂದು ಸಾಲನ್ನು ಅಳಿಸಿದರೆ ವಾರದಲ್ಲಿ ಮಾರಿಕೊಡುವೆನೆಂದ.

ಕೊನೆಗೆ ಹುಣಸೂರು ಕಡೆಯಿಂದ ಒಬ್ಬ ಯುವಕ ತಂದೆಯೊಡನೆ ಬಂದ. ಇಪ್ಪತ್ತು ವರ್ಷ ತುಂಬಿರಲಿಲ್ಲ. ಮೋರಿಯ ಪೆಟ್ಟಿನ ವಿಷಯ ಅವನ ಕಿವಿಗೆ ಬೀಳಲೇ ಇಲ್ಲ. ಸೈಲೆನ್ಸರಿನ ಗುಡುಗನ್ನು ಕೇಳಿ ಮುಖವರಳಿತು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಇದು ಎಷ್ಟು ವೇಗ ಹೋಗುತ್ತದೆ ಎಂಬುದೊಂದೇ ಅವನ ಪ್ರಶ್ನೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಆ ಹೆದ್ದಾರಿಯಲ್ಲಿ ಕಾರುಗಳ ವೇಗದ ಮಿತಿ ಗಂಟೆಗೆ 100 ಕಿಲೋಮೀಟರು. ಸಾಲುಸಾಲಾಗಿ ಅಪಘಾತಗಳಾದ ಮೇಲೆ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋಗಳನ್ನು ಅದರ ಮುಖ್ಯ ಪಥದಲ್ಲಿ ನಿಷೇಧಿಸಬೇಕಾಯಿತು. ತಂದೆ ಮಗನ ಉತ್ಸಾಹಕ್ಕೆ ಎದುರಾಡಲಿಲ್ಲ. ಕಾರನ್ನು ಈಗಿರುವಂತೆಯೇ, ಏನನ್ನೂ ಬದಲಿಸದೆ ಕೊಡುವುದಾದರೆ ಕೇಳಿದ ಬೆಲೆಯ ಮೇಲೆ ಇನ್ನೂ 50,000 ರೂಪಾಯಿ ಕೊಡುವೆನೆಂದರು.

ಇಲ್ಲಿ ಸತ್ಯವ್ರತಕ್ಕೆ ಕೊರತೆಯಿರಲಿಲ್ಲ. ಎಲ್ಲವನ್ನೂ ಹೇಳಿಯಾಗಿತ್ತು. ಕೊಳ್ಳುವವನು ಪೂರ್ತಿ ತಿಳಿದೇ ಕೊಳ್ಳುತ್ತಿದ್ದ. ಆದರೂ ಮೊಮ್ಮಗನ ಕೈ ಮುಂದೆ ಬರಲಿಲ್ಲ. ಅನರ್ಥದಂಡದ ಐದು ಭೇದಗಳಲ್ಲಿ ಹಿಂಸಾದಾನವನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಹಿಂಸೆಯ ಸಾಧನವನ್ನು ಇನ್ನೊಬ್ಬರ ಕೈಗೆ ಕೊಡುವುದೇ ಹಿಂಸಾದಾನ. ಕತ್ತಿ, ಕೊಡಲಿ, ಬೆಂಕಿ, ವಿಷ ಮುಂತಾದವು ಆ ಕಾಲದ ಉದಾಹರಣೆಗಳು. ಕಾರು ಆಯುಧವಲ್ಲ, ನಿಧಾನಿಯ ಕೈಯಲ್ಲಿ ಅದು ವಾಹನವೇ. ಆದರೆ ಬಲ ಹೆಚ್ಚಿಸಿದ ಕಾರನ್ನು, ವೇಗವೊಂದನ್ನೇ ಕೇಳುತ್ತಿರುವ ಹುಡುಗನ ಕೈಗಿಡುವಾಗ, ಅದರ ಮುಂದಿನ ದಾರಿಯನ್ನು ಊಹಿಸಲಾರೆನೆಂದು ಮಾರುವವನು ಹೇಳುವಂತಿಲ್ಲ. ಜಾತ್ರೆಯಲ್ಲಿ ಎತ್ತು ಮಾರುವ ಶ್ರಾವಕರು ಕೊಳ್ಳುವವನು ಉಳುವವನೋ, ಕಸಾಯಿಖಾನೆಗೆ ಸಾಗಿಸುವವನೋ ಎಂದು ವಿಚಾರಿಸದೆ ಹಗ್ಗ ಕೊಡುತ್ತಿರಲಿಲ್ಲ. ಏನನ್ನು ಮಾರುತ್ತಿದ್ದೇನೆ ಎಂಬುದರಷ್ಟೇ ಯಾರಿಗೆ ಎಂಬುದೂ ಮುಖ್ಯ.

ಮೊಮ್ಮಗ ವಿನಯದಿಂದಲೇ ಹೇಳಿದ: “ಮೂಲ ಭಾಗಗಳನ್ನು ಮರಳಿ ಜೋಡಿಸಿ, ಎಂಜಿನ್ನಿನ ಲೆಕ್ಕವನ್ನು ಮೊದಲಿನಂತೆ ಮಾಡಿಸಿಯೇ ಕೊಡುತ್ತೇನೆ. ಹಾಗೆ ಬೇಕಾದರೆ ಸಂತೋಷ.” ಹುಡುಗನಿಗೆ ಬೇಕಾಗಿದ್ದುದೇ ಆ ಗುಡುಗು. ಅವರು ಹೊರಟುಹೋದರು.

ಅವನು ಇನ್ನೆಲ್ಲಿಯೋ ಇದಕ್ಕಿಂತ ವೇಗದ ಕಾರನ್ನು ಕೊಂಡಿರಬಹುದು. ಹಾಗಾದರೆ ಈ ನಿರಾಕರಣೆಯಿಂದ ಲೋಕಕ್ಕೆ ಆದ ಲಾಭವೇನು ಎಂದು ಮನೆಯವರೇ ಕೇಳಿದರು. ಇದಕ್ಕೆ ಸಮಾಧಾನಕರವಾದ ಉತ್ತರವಿಲ್ಲ. ಒಬ್ಬನು ಕೈ ಹಿಂತೆಗೆದ ಮಾತ್ರಕ್ಕೆ ಲೋಕದ ಹಿಂಸೆ ನಿಲ್ಲುವುದಿಲ್ಲವೆಂಬುದನ್ನು ತೀರ್ಥಂಕರರು ಅರಿಯದವರಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳನ್ನು ಅವರು ತೋರಿಸಿದ್ದು, ಪ್ರತಿಯೊಬ್ಬನೂ ತನ್ನ ಮನೆಯ ಬಾಗಿಲನ್ನು ತಾನು ಕಾಯಲೆಂದು. ಆದರೂ ಆ ಹುಡುಗನ ತಂದೆಯೊಡನೆ ಇನ್ನೂ ಸ್ವಲ್ಪ ಹೊತ್ತು ಮಾತನಾಡಬೇಕಿತ್ತು ಎಂಬ ಅಳುಕು ಮೊಮ್ಮಗನಲ್ಲಿ ಉಳಿಯಿತು. ಅಂಥ ಅಳುಕು ಉಳಿಯುವುದು ಒಳ್ಳೆಯದೇ.

ಮೂಲ ಭಾಗಗಳು ಮರಳಿ ಕಾರಿಗೆ ಸೇರಿದವು. ಹೊಗೆ ಪರೀಕ್ಷೆಯೂ ಆಯಿತು. ವಾಯುಕಾಯ ಜೀವಗಳನ್ನೂ ಜೀವಗಳೆಂದೇ ನಂಬುವ ಮನೆಯಲ್ಲಿ ಅದು ಮೊದಲೇ ಆಗಬೇಕಿದ್ದ ಕೆಲಸ. ಮೂರು ತಿಂಗಳ ಬಳಿಕ ಮೈಸೂರಿನ ನಡುವಯಸ್ಸಿನ ಗೃಹಸ್ಥರೊಬ್ಬರು, ಪೆಟ್ಟಿನ ವಿವರವನ್ನು ಎರಡು ಬಾರಿ ಓದಿ, ಮೆಕ್ಯಾನಿಕ್ಕನಿಂದ ತೋರಿಸಿ, ಮೊದಲು ಅಂದುಕೊಂಡಿದ್ದ ಬೆಲೆಗಿಂತ 3 ಲಕ್ಷ ರೂಪಾಯಿ ಕಡಿಮೆಗೆ ಕೊಂಡರು. ಮಾರಾಟದ ಹಾಳೆಯಲ್ಲಿ ಎಲ್ಲ ವಿವರವನ್ನೂ ಬರೆದು ಇಬ್ಬರೂ ರುಜು ಹಾಕಿದರು. 29 ಮತ್ತು 30ನೆಯ ನಮೂನೆಗಳನ್ನು ಅಂದೇ ತುಂಬಲಾಯಿತು. ಒಂದೇ ರಾಜ್ಯದೊಳಗಿನ ಮಾರಾಟವಾದರೆ 14 ದಿನಗಳೊಳಗೆ ಮಾರಿದವನು ಸಾರಿಗೆ ಕಚೇರಿಗೆ ತಿಳಿಸಬೇಕು. ಹೆಸರು ಬದಲಾಗುವವರೆಗೆ ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿರುವ ಒಡೆಯನದೇ ಎಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಹಣ ಕೈಸೇರಿದೊಡನೆ ಋಣ ಮುಗಿಯಿತೆಂದುಕೊಳ್ಳುವವರಿಗೆ ಕಾನೂನೂ ಇಲ್ಲಿ ಎಚ್ಚರಿಕೆ ಕೊಡುತ್ತದೆ.

ಬಸದಿಗೆ ಸಲ್ಲಬೇಕಾದ ಪಾಲಿನ ಲೆಕ್ಕ ಮಾಡುವಾಗ ಮೊಮ್ಮಗನಿಗೆ ಸಂಕೋಚವಾಯಿತು. ಬೆಲೆ ಇಳಿದದ್ದರಿಂದ ದಾನವೂ 15,000 ರೂಪಾಯಿಯಷ್ಟು ಇಳಿದಿತ್ತು. ಪೆಟ್ಟನ್ನು ಮುಚ್ಚಿಟ್ಟಿದ್ದರೆ ಬಸದಿಯ ಛಾವಣಿಗೆ ಹೆಚ್ಚು ಹಣ ಬರುತ್ತಿತ್ತಲ್ಲ ಎಂದು ಯಾರೋ ಹಾಸ್ಯಕ್ಕೆ ಅಂದರು. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಹೇಳತೊಡಗುವಾಗ ಮೊದಲಿಗೆ ಇಡುವುದು ನ್ಯಾಯದಿಂದ ಗಳಿಸಿದ ಧನವನ್ನು. ದಾನ, ಪೂಜೆಗಳು ಆ ಬಳಿಕ ಬರುತ್ತವೆ. ಹುಂಡಿಗೆ ಬೀಳುವ ಹಣದ ಮೊತ್ತವನ್ನು ಎಣಿಸುವ ಟ್ರಸ್ಟುಗಳು ಆ ಹಣ ನಡೆದು ಬಂದ ದಾರಿಯನ್ನು ಕೇಳುವುದು ವಾಡಿಕೆಯಲ್ಲಿಲ್ಲ. ಕೇಳುವುದು ಸುಲಭವೂ ಅಲ್ಲ. ಅದನ್ನು ಕೊಡುವವನೇ ತನ್ನನ್ನು ಕೇಳಿಕೊಳ್ಳಬೇಕು.

ರಶೀದಿಯನ್ನು ತಾತನ ಕೈಗಿತ್ತಾಗ ಅವರು ಮೊತ್ತವನ್ನು ನೋಡಲಿಲ್ಲ. “ಕೊಂಡವರ ಮುಂದೆ ದಾರಿ ಬದಲಿಸಬೇಕಾಗಿಲ್ಲ ತಾನೆ?” ಎಂದು ಕೇಳಿದರು. ಮೊಮ್ಮಗ ಇಲ್ಲವೆಂದ. ಒಳಗೆ ಎಚ್ಚರಗೊಂಡ ಮಗು ಅಳುವ ಸದ್ದು ಕೇಳಿಸಿ ಇಬ್ಬರೂ ಎದ್ದರು.